ವ್ಯಾನ್ ಕರೆಸುವ ಮುಂಚೆ

ಮನೆಯಲ್ಲಿ ಕುಡಿಯುವವರಿದ್ದರೆ ಈ ಮಾತು ನಿಮಗೆ. ಸಾಕಾಗಿ ಹೋದ ರಾತ್ರಿ, ಗೋಡೆಯ ಮೇಲಿನ ‘ಕುಡಿತ ಬಿಡಿಸುತ್ತೇವೆ’ ಪೋಸ್ಟರ್ ನೋಡಿ ಫೋನ್ ಮಾಡುತ್ತೀರಿ. ವ್ಯಾನ್ ಬರುತ್ತದೆ, ನಾಲ್ಕು ಜನ ಎತ್ತಿ ಹಾಕಿಕೊಂಡು ಹೋಗುತ್ತಾರೆ. ಎಲ್ಲಿಗೆ ಅಂತ ಕೇಳಿದಿರಾ, ತಾಯಿ?

ತಮಿಳುನಾಡು ಗಡಿಯ ತಳಿಯಲ್ಲಾಗಲಿ ಹೊಸೂರಿನಲ್ಲಾಗಲಿ, ಬೋರ್ಡು ಹಾಕಿದ್ದೆಲ್ಲ ಆಸ್ಪತ್ರೆಯಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತದಿಂದ ಬರುವ ಮನೋರೋಗಗಳಿಗೂ ಅನ್ವಯಿಸುತ್ತದೆ. ಅಂಥ ರೋಗಿಗಳನ್ನು ಇರಿಸಿಕೊಂಡು ಚಿಕಿತ್ಸೆ ಕೊಡುವ ಕೇಂದ್ರ ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಆ ಪತ್ರ ತೋರಿಸಿ ಅನ್ನಿ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗುವಿನ ಕೈಲಿ ಓದಿಸಿ. ಡಾಕ್ಟರು ಯಾವಾಗ ಬರುತ್ತಾರೆ, ಕೇಳಿ. ಸರಪಳಿ ಹಾಕುವುದಕ್ಕೆ ಕಾಯ್ದೆಯಲ್ಲಿ ಅವಕಾಶವೇ ಇಲ್ಲ. ಮೂರು ತಿಂಗಳು ನೋಡಲು ಬರಬೇಡಿ ಎಂದರೆ ಬಾಗಿಲಿಂದಲೇ ವಾಪಸ್ ಬನ್ನಿ.

ಗೊತ್ತಾಗದ ಹಾಗೆ ಸಾರಿಗೆ ಕುಡಿತ ಬಿಡಿಸುವ ಪುಡಿ ಬೆರೆಸುವುದಂತೂ ಬೇಡವೇ ಬೇಡ. ಅದರಲ್ಲಿ ಡೈಸಲ್ಫಿರಾಮ್ ಎಂಬ ಔಷಧಿ ಇದ್ದು, ಮೇಲೆ ಅವರು ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ಬಿ.ಪಿ. ಇಳಿದು ಜೀವಕ್ಕೇ ಕುತ್ತು. ದಿನವೂ ಕುಡಿಯುವವರನ್ನು ಕೋಣೆಗೆ ನೂಕಿ ಬೀಗ ಹಾಕಿದರೂ ಅಷ್ಟೇ: ಎರಡು ಮೂರು ದಿನದಲ್ಲಿ ಕೈನಡುಕ, ಫಿಟ್ಸ್, ಇಲ್ಲದ್ದೆಲ್ಲ ಕಣ್ಣಿಗೆ ಕಾಣುವುದು ಶುರುವಾಗಬಹುದು.

ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನ ಹೊಸೂರು ರಸ್ತೆಯಲ್ಲೇ ನಿಮ್ಹಾನ್ಸ್ ಆಸ್ಪತ್ರೆ ಇದೆ. ವ್ಯಸನಕ್ಕೆ ಅಲ್ಲಿ ಬೇರೆ ವಿಭಾಗವೇ ಉಂಟು, ಕಷ್ಟವನ್ನು ಕನ್ನಡದಲ್ಲೇ ಹೇಳಿಕೊಳ್ಳಬಹುದು. ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಲು ದುಡ್ಡು ಬೇಕಿಲ್ಲ. ಹೊರಡುವ ಮುಂಚೆ ಕುಡಿಯುವವರನ್ನೂ ಎದುರು ಕೂರಿಸಿಕೊಂಡು ಒಂದು ಮಾತು ಕೇಳಿ. ಬೆಳಿಗ್ಗೆ, ಅಮಲು ಇಳಿದ ಮೇಲೆ.