ಬ್ಯಾಂಡ್ ಕಟ್ಟುವವರಿಗೆ ಒಂಬತ್ತು ಸೂತ್ರಗಳು

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಎಷ್ಟೋ ಮನೆಗಳಲ್ಲಿ ಕ್ಲಾರಿನೆಟ್ಟೋ ಟ್ರಂಪೆಟ್ಟೋ ಹಿಡಿದು ಶಾಲೆಯ ಬ್ಯಾಂಡಿಗೆ ಹೋಗುವ ಮಕ್ಕಳಿದ್ದಾರೆ. ಅವರಲ್ಲೊಬ್ಬರು ‘ಇದೇ ನನ್ನ ಬದುಕು’ ಎಂದರೆ ಹೆತ್ತವರು ಗಾಬರಿಯಾಗಬೇಕಿಲ್ಲ. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಬ್ಯಾಂಡ್ ಅಥವಾ ಜಾಝ್ ತಂಡದ ನಿರ್ದೇಶಕರದ್ದು ಬಹುಮಟ್ಟಿಗೆ ಪ್ರಾಧ್ಯಾಪಕ ಹುದ್ದೆ. ಹುದ್ದೆಗಳು ಕಡಿಮೆ, ಪೈಪೋಟಿ ಹೆಚ್ಚು ಎನ್ನುವುದು ನಿಜ. ಆದರೆ ಈ ವೃತ್ತಿಯಲ್ಲಿ ಹೆಸರು ಉಳಿಸಿದವರನ್ನು ನೋಡಿದರೆ ಒಂದು ಮಾತು ಸ್ಪಷ್ಟ: ಅವರೆಲ್ಲ ತಮ್ಮ ಕಾಲದಲ್ಲಿ ಇಲ್ಲದ್ದನ್ನು ಕಟ್ಟಿದವರು.

1. ಮೊದಲು ಶಾಲೆಯಲ್ಲಿ ಪಾಠ ಮಾಡಿ
ವಿಲಿಯಂ ರೆವೆಲ್ಲಿ 1935ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಬರುವ ಮುನ್ನ ಇಂಡಿಯಾನಾದ ಹೋಬಾರ್ಟ್ ಎಂಬ ಊರಿನ ಹೈಸ್ಕೂಲಿನಲ್ಲಿ ಬ್ಯಾಂಡ್ ಕಟ್ಟಿ, ರಾಷ್ಟ್ರಮಟ್ಟದ ಸ್ಪರ್ಧೆಗಳನ್ನು ಗೆದ್ದಿದ್ದರು. ಮಿಷಿಗನ್‌ನಲ್ಲಿ 1971ರವರೆಗೂ ಇದ್ದರು. ಈಗಲೂ ಅನೇಕ ವಿಶ್ವವಿದ್ಯಾಲಯಗಳು ಶಾಲಾ ಬೋಧನೆಯ ಅನುಭವ ಕೇಳುತ್ತವೆ. ನಿಮ್ಮಲ್ಲಿ ಕಲಿಯುವ ಅನೇಕರು ನಾಳೆ ಶಾಲೆಯ ಸಂಗೀತ ಮೇಷ್ಟ್ರಾಗುವವರು. ಹನ್ನೆರಡರ ಹುಡುಗಿಗೆ ಟ್ರಂಪೆಟ್ ಊದುವುದನ್ನು ಕಲಿಸಿ ಗೊತ್ತಿಲ್ಲದವರು ಅವರಿಗೆ ಏನು ಹೇಳಿಕೊಟ್ಟಾರು? ಸ್ನಾತಕೋತ್ತರ ಪದವಿ ಮುಗಿದ ಕೂಡಲೇ ಡಾಕ್ಟರೇಟಿಗೆ ಓಡಬೇಡಿ.

2. ಶನಿವಾರಗಳನ್ನು ಬರೆದುಕೊಟ್ಟುಬಿಡಿ
ಹೊಸಬರಿಗೆ ಸಾಮಾನ್ಯವಾಗಿ ಸಿಗುವುದು ಮಾರ್ಚಿಂಗ್ ಬ್ಯಾಂಡಿನ ಸಹಾಯಕ ನಿರ್ದೇಶಕರ ಕೆಲಸ. ಆಗಸ್ಟ್‌ನ ಬಿಸಿಲಲ್ಲಿ ಕ್ಯಾಂಪ್, ಡಿಸೆಂಬರ್‌ವರೆಗೆ ಶನಿವಾರದ ಫುಟ್‌ಬಾಲ್, ಆಮೇಲೆ ಬ್ಯಾಸ್ಕೆಟ್‌ಬಾಲ್. ಇನ್ನೂರು ಮುನ್ನೂರು ವಿದ್ಯಾರ್ಥಿಗಳ ಬಸ್ಸು, ಊಟ, ಸಮವಸ್ತ್ರ ಎಲ್ಲ ನಿಮ್ಮ ತಲೆಗೆ. ಇದನ್ನು ಕೀಳೆಂದು ನೋಡುವವರು ಸಂಗೀತ ವಿಭಾಗಗಳಲ್ಲೇ ಇದ್ದಾರೆ. ಅವರ ಮಾತಿಗೆ ಕಿವಿಗೊಡಬೇಡಿ. ಜನರನ್ನು ನಡೆಸುವುದನ್ನು ಈ ಮೈದಾನದಷ್ಟು ಚೆನ್ನಾಗಿ ಯಾವ ತರಗತಿಯೂ ಕಲಿಸದು.

3. ಇಲ್ಲವೆಂದವರ ಎದುರು ಕಟ್ಟಿ ತೋರಿಸಿ
ವಿಲಿಯಂ ಫಾಸ್ಟರ್ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಆರ್ಕೆಸ್ಟ್ರಾ ನಿರ್ದೇಶಕನಾಗಬೇಕೆಂದಿದ್ದರು. ಕಪ್ಪು ಜನರಿಗೆ ಅಂಥ ಕೆಲಸಗಳಿಲ್ಲ ಎಂಬ ಉತ್ತರ ಬಂತು. 1946ರಲ್ಲಿ ಅವರು ಫ್ಲಾರಿಡಾ ಎ ಅಂಡ್ ಎಂ ಎಂಬ ಕಪ್ಪು ವಿದ್ಯಾರ್ಥಿಗಳ ಕಾಲೇಜಿನ ಚಿಕ್ಕ ಬ್ಯಾಂಡ್ ವಹಿಸಿಕೊಂಡರು. ಮಿಲಿಟರಿ ಶಿಸ್ತಿನ ನಡಿಗೆಗೆ ಮಂಡಿ ಎತ್ತಿ ಹಾಕುವ ಹೆಜ್ಜೆ, ಮೈದಾನದಲ್ಲೇ ಕುಣಿತ, ಅಂದಿನ ಜನಪ್ರಿಯ ಹಾಡುಗಳು ಸೇರಿದವು. ‘ಮಾರ್ಚಿಂಗ್ 100’ ಹೀಗೆ ಬೆಳೆಯಿತು. ಫ್ರೆಂಚ್ ಕ್ರಾಂತಿಯ ಇನ್ನೂರನೇ ವರ್ಷಕ್ಕೆ 1989ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಮೆರವಣಿಗೆಯಲ್ಲಿ ಅಮೆರಿಕವನ್ನು ಪ್ರತಿನಿಧಿಸಿದ್ದು ಇದೇ ಬ್ಯಾಂಡ್. ಫಾಸ್ಟರ್ 1998ರವರೆಗೆ, ಐವತ್ತೆರಡು ವರ್ಷ, ಅಲ್ಲೇ ಇದ್ದರು. ಇಂದು ಎಷ್ಟೋ ಕಾಲೇಜು ಬ್ಯಾಂಡುಗಳು ಮೈದಾನದಲ್ಲಿ ಕುಣಿಯುತ್ತವಲ್ಲ, ಅದರ ಹಿಂದೆ ಈ ಮನುಷ್ಯನ ಹಟವಿದೆ.

4. ಮಕ್ಕಳ ಜೀವ ಮೊದಲು
ಅದೇ ಮಹಾ ಬ್ಯಾಂಡಿನಲ್ಲಿ 2011ರಲ್ಲಿ ಒಬ್ಬ ವಿದ್ಯಾರ್ಥಿ ಸತ್ತ. ಪಂದ್ಯ ಮುಗಿದ ಮೇಲೆ ಬಸ್ಸಿನಲ್ಲಿ ನಡೆದ ರ‍್ಯಾಗಿಂಗ್, ಸಹವಾದಕರದೇ ಹೊಡೆತ. ವಿಶ್ವವಿದ್ಯಾಲಯ ಬ್ಯಾಂಡನ್ನೇ ನಿಲ್ಲಿಸಿತು. ಅದು ಮತ್ತೆ ಮೈದಾನಕ್ಕಿಳಿದದ್ದು 2013ರಲ್ಲಿ. ತಲೆಮಾರುಗಳ ದುಡಿಮೆಗೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ. ಆ ತಾಯಿತಂದೆಯ ನಷ್ಟಕ್ಕೆ ಹೋಲಿಕೆಯೇ ಇಲ್ಲ. ನೀವಿಲ್ಲದಾಗ ಬಸ್ಸಿನಲ್ಲಿ, ಹಾಸ್ಟೆಲಿನಲ್ಲಿ ಏನು ನಡೆಯುತ್ತದೆ ಎನ್ನುವುದು ನಿಮಗೆ ಗೊತ್ತಿರಲೇಬೇಕು. ‘ಇದು ನಮ್ಮ ಸಂಪ್ರದಾಯ’ ಎಂದು ಯಾರಾದರೂ ಪಿಸುಗುಟ್ಟಿದರೆ ಅಂದೇ ವಿಚಾರಿಸಿ.

5. ಹೊಸ ಸಂಗೀತ ಬರೆಸಿ
ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಸೂತ್ರ. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಕಾಲೇಜು ಬ್ಯಾಂಡುಗಳು ಹೆಚ್ಚಾಗಿ ನುಡಿಸಿದ್ದು ಮಾರ್ಚ್‌ಗಳನ್ನು, ಇಲ್ಲವೇ ಆರ್ಕೆಸ್ಟ್ರಾ ಕೃತಿಗಳ ರೂಪಾಂತರಗಳನ್ನು. ಒಂದೊಂದು ಸಾಲಿಗೆ ಹಲವು ವಾದಕರು, ದಪ್ಪ ನಾದ. ರೋಚೆಸ್ಟರ್‌ನ ಈಸ್ಟ್‌ಮನ್ ಸಂಗೀತ ಶಾಲೆಯ ಫ್ರೆಡರಿಕ್ ಫೆನೆಲ್ ಹೆಪಟೈಟಿಸ್‌ನಿಂದ ಆಸ್ಪತ್ರೆಯಲ್ಲಿದ್ದಾಗ ಬೇರೊಂದು ತಂಡದ ನಕ್ಷೆ ಹಾಕಿದರು: ಒಂದು ಸಾಲಿಗೆ ಒಬ್ಬನೇ ವಾದಕ, ಪ್ರತಿ ವಾದ್ಯದ ಬಣ್ಣ ತಿಳಿಯಾಗಿ ಕೇಳಬೇಕು. 1952ರಲ್ಲಿ ಈಸ್ಟ್‌ಮನ್ ವಿಂಡ್ ಎನ್‌ಸೆಂಬಲ್ ಹುಟ್ಟಿತು. ನುಡಿಸಲು ಕೃತಿಗಳು ಬೇಕಲ್ಲ? ಸುಮಾರು 400 ಸಂಯೋಜಕರಿಗೆ ಪತ್ರ ಬರೆದರು. ಮೊದಲು ಉತ್ತರಿಸಿದವರಲ್ಲಿ ಪರ್ಸಿ ಗ್ರೇಂಜರ್, ವಿನ್ಸೆಂಟ್ ಪರ್ಸಿಚೆಟ್ಟಿ, ರಾಲ್ಫ್ ವಾನ್ ವಿಲಿಯಮ್ಸ್ ಇದ್ದರು. ಮರ್ಕ್ಯುರಿ ಕಂಪನಿಯ ರೆಕಾರ್ಡುಗಳು ಆ ನಾದವನ್ನು ದೇಶಕ್ಕೆಲ್ಲ ಮುಟ್ಟಿಸಿದವು.

ಇದಕ್ಕೆ ದೊಡ್ಡ ಶಾಲೆಯೇ ಬೇಕೆಂದಿಲ್ಲ. 1968ರ ಆಗಸ್ಟ್‌ನಲ್ಲಿ ಸೋವಿಯತ್ ಸೇನೆ ಪ್ರಾಗ್‌ಗೆ ನುಗ್ಗಿದಾಗ, ಅಲ್ಲೇ ಹುಟ್ಟಿ ಅಮೆರಿಕದಲ್ಲಿ ಪಾಠ ಮಾಡುತ್ತಿದ್ದ ಕಾರೆಲ್ ಹೂಸಾ ನೊಂದು ಬರೆದ ‘ಮ್ಯೂಸಿಕ್ ಫಾರ್ ಪ್ರಾಗ್ 1968’ ಕೃತಿಯನ್ನು ಬರೆಸಿದ್ದು ಇಥಾಕಾ ಕಾಲೇಜು. ಅಲ್ಲಿನ ವಿದ್ಯಾರ್ಥಿಗಳೇ 1969ರ ಜನವರಿಯಲ್ಲಿ ಅದನ್ನು ವಾಷಿಂಗ್ಟನ್‌ನಲ್ಲಿ ಮೊದಲ ಬಾರಿ ನುಡಿಸಿದರು. ಅದನ್ನು ಆರ್ಕೆಸ್ಟ್ರಾಕ್ಕೆ ಅಳವಡಿಸಿದ್ದು ಆಮೇಲೆ. ಹಣ ಸಾಲದಿದ್ದರೆ ಐದಾರು ಕಾಲೇಜುಗಳು ಸೇರಿ ಖರ್ಚು ಹಂಚಿಕೊಳ್ಳುವ ಪದ್ಧತಿ ಈಗ ಚೆನ್ನಾಗಿ ಬೇರೂರಿದೆ. ಅಂಥ ಒಂದು ಗುಂಪಿಗೆ ಸೇರಿಕೊಳ್ಳಿ.

6. ಜಾಝ್‌ಗೆ ಪ್ರಯೋಗಶಾಲೆ ತೆರೆಯಿರಿ
ಟೆಕ್ಸಸ್‌ನ ಡೆಂಟನ್‌ನಲ್ಲಿ 1947ರಲ್ಲಿ ಜೀನ್ ಹಾಲ್ ಜಾಝ್ ಪದವಿ ಆರಂಭಿಸಿದಾಗ ಅದಕ್ಕೆ ‘ಡಾನ್ಸ್ ಬ್ಯಾಂಡ್’ ಎಂದು ಹೆಸರಿಡಬೇಕಾಯಿತು. ಆ ಕಾಲದ ವಿಶ್ವವಿದ್ಯಾಲಯಕ್ಕೆ ಜಾಝ್ ಎನ್ನುವುದು ಮರ್ಯಾದೆಯ ಮಾತಾಗಿರಲಿಲ್ಲ. 1959ರಿಂದ 1981ರವರೆಗೆ ಲಿಯಾನ್ ಬ್ರೀಡನ್ ಅದನ್ನು ನಡೆಸಿದರು. ತಂಡಗಳಿಗೆ ಅಭ್ಯಾಸದ ಹೊತ್ತೇ ಹೆಸರು: ಒಂದು ಗಂಟೆಯದು ‘ಒನ್ ಓ’ಕ್ಲಾಕ್ ಲ್ಯಾಬ್ ಬ್ಯಾಂಡ್’, ಎರಡಕ್ಕೆ ‘ಟೂ ಓ’ಕ್ಲಾಕ್’, ಹೀಗೆ ಕೆಳಕ್ಕೆ. ವಿದ್ಯಾರ್ಥಿ ಬರೆದದ್ದನ್ನು ವಿದ್ಯಾರ್ಥಿಗಳೇ ನುಡಿಸಿ ನೋಡುವ ಜಾಗ ಅದು. ‘ಲ್ಯಾಬ್ 75’ ಆಲ್ಬಂ ಗ್ರ್ಯಾಮಿ ನಾಮನಿರ್ದೇಶನದವರೆಗೆ ಹೋಯಿತು. ನೀವು ಮೇಲಿನ ತಂಡಕ್ಕಷ್ಟೇ ಅಲ್ಲ, ಕೊನೆಯ ತಂಡಕ್ಕೂ ನಿಮ್ಮ ಒಳ್ಳೆಯ ಗಂಟೆಗಳನ್ನು ಕೊಡಿ.

7. ಒಂದೇ ವಾದ್ಯಕ್ಕೆ ಜೋತುಬೀಳಬೇಡಿ
ಡೇವಿಡ್ ಬೇಕರ್ ಟ್ರಾಂಬೋನ್ ವಾದಕರು. ಅಪಘಾತದಲ್ಲಿ ದವಡೆಗೆ ಬಿದ್ದ ಪೆಟ್ಟಿನಿಂದ ಅದು ಕೈಬಿಟ್ಟಿತು. ಅವರು ಚೆಲ್ಲೊ ಹಿಡಿದರು, ಸಂಯೋಜನೆ ಮಾಡಿದರು, 1966ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯ ಸೇರಿ ಅಲ್ಲಿ ಜಾಝ್ ವಿಭಾಗ ಕಟ್ಟಿದರು. ಮನೋಧರ್ಮದ ವಾದನವನ್ನು ಹಂತ ಹಂತವಾಗಿ ಕಲಿಸುವ ಪುಸ್ತಕಗಳನ್ನೂ ಬರೆದರು.

8. ಸಂಘ ಸೇರಿ, ಹೆಣ್ಣುಮಕ್ಕಳು ಮುಂದೆ ಬನ್ನಿ
ಪ್ರತಿ ಡಿಸೆಂಬರ್‌ನಲ್ಲಿ ಷಿಕಾಗೋದಲ್ಲಿ ನಡೆಯುವ ಮಿಡ್‌ವೆಸ್ಟ್ ಕ್ಲಿನಿಕ್‌ಗೆ ಹೋಗಿ. ವೃತ್ತಿಯ ಪರಿಚಯಗಳು ಬೆಳೆಯುವುದು ಅಲ್ಲಿ. 1929ರಲ್ಲಿ ಹುಟ್ಟಿದ ಅಮೆರಿಕನ್ ಬ್ಯಾಂಡ್‌ಮಾಸ್ಟರ್ಸ್ ಅಸೋಸಿಯೇಷನ್‌ಗೆ ಮೊದಲ ಮಹಿಳೆಯಾಗಿ ಗ್ಲ್ಯಾಡಿಸ್ ರೈಟ್ ಆಯ್ಕೆಯಾದದ್ದು 1984ರಲ್ಲಿ. ಮಿಷಿಗನ್‌ನ ಮಾರ್ಚಿಂಗ್ ಬ್ಯಾಂಡಿಗೆ ಹೆಣ್ಣುಮಕ್ಕಳು ಬಂದದ್ದು 1972ರಲ್ಲಿ. ಮ್ಯಾಲರಿ ಥಾಂಪ್ಸನ್ 1996ರಿಂದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಬ್ಯಾಂಡುಗಳನ್ನು ದಶಕಗಳ ಕಾಲ ನಡೆಸಿದರು. ಅಂಥವರ ಬಳಿ ಕಲಿತವರನ್ನು ಹುಡುಕಿ ಮಾತಾಡಿಸಿ, ಅರ್ಜಿ ಹಾಕಲು ಹಿಂಜರಿಯಬೇಡಿ.

9. ಸಂದರ್ಶನದಲ್ಲಿ ಕಡಿಮೆ ಮಾತಾಡಿ
ಅರ್ಜಿಯೊಂದಿಗೆ ವಿಡಿಯೊ ಕೇಳುತ್ತಾರೆ. ಕ್ಯಾಮೆರಾ ವಾದಕರ ಕಡೆಯಿಂದ ನಿಮ್ಮ ಮುಖ ನೋಡುವಂತಿರಲಿ. ಕಛೇರಿಯ ಜೊತೆಗೆ ಅಭ್ಯಾಸದ ತುಣುಕೂ ಇರಲಿ, ಕಲಿಸುವ ಬಗೆ ಕಾಣುವುದು ಅಲ್ಲೇ. ಆಮೇಲೆ ಕ್ಯಾಂಪಸ್ಸಿಗೆ ಕರೆದು, ಗುರುತಿಲ್ಲದ ತಂಡದ ಮುಂದೆ ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ. ಭಾಷಣ ಬೇಡ, ನುಡಿಸಲು ಬಿಡಿ. ಶ್ರುತಿ ಸೇರದ ಒಂದು ಜಾಗ ಆರಿಸಿ, ಯಾರು ಏನು ಬದಲಿಸಬೇಕೆಂದು ಒಂದೇ ವಾಕ್ಯದಲ್ಲಿ ಹೇಳಿ, ಮತ್ತೆ ನುಡಿಸಿ. ವ್ಯತ್ಯಾಸ ವಿದ್ಯಾರ್ಥಿಗಳ ಕಿವಿಗೆ ಬಿತ್ತೆಂದರೆ ಹಿಂದಿನ ಸಾಲಿನಲ್ಲಿ ಕೂತ ಆಯ್ಕೆ ಸಮಿತಿಗೂ ಬಿದ್ದಿರುತ್ತದೆ.