ಸಹಿ ಹಾಕೋ ಮುಂಚೆ: ಐ-864 ಅನ್ನೋ ಜಾಮೀನು ಪತ್ರ

ಸೊಸೈಟಿ ಸಾಲಕ್ಕೆ ಜಾಮೀನು ಹಾಕೋದು ಅಂದ್ರೆ ಏನು ಅಂತ ನಮ್ಮ ಮನೆಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸಾಲ ತಗೊಂಡವನು ಕಟ್ಟದಿದ್ದರೆ ನೋಟಿಸ್ ಬರೋದು ಜಾಮೀನುದಾರನ ಮನೆಗೆ. ಎಜುಕೇಶನ್ ಲೋನ್ ಮೇಲೆ ಓದುತ್ತಿರುವವರಿಗೂ ಇದು ಗೊತ್ತು. ಅಪ್ಪನೋ ಅಮ್ಮನೋ ಕೋ-ಅಪ್ಲಿಕೆಂಟ್ ಆಗಿ ಸಹಿ ಹಾಕಿರುತ್ತಾರೆ. ಮದುವೆಯಾಗಿ ಅಮೆರಿಕಕ್ಕೆ ನೆಲೆಸಲು ಹೋಗುವವರ ವೀಸಾ ಫೈಲಿನಲ್ಲೂ ಇಂಥದ್ದೇ ಒಂದು ಜಾಮೀನು ಪತ್ರ ಇರುತ್ತದೆ. ಆದರೆ ಅದನ್ನು ಜಾಮೀನು ಅಂತ ಓದುವವರು ಕಡಿಮೆ. "ಸ್ಯಾಲರಿ ಸ್ಲಿಪ್ ಲಗತ್ತಿಸಿ ಒಂದು ಸೈನ್ ಮಾಡೋದು, ಅಷ್ಟೇ ತಾನೇ" ಅಂತ ಮುಗಿಸಿಬಿಡುತ್ತಾರೆ.

ಆ ಪತ್ರದ ಹೆಸರು ಫಾರಂ ಐ-864, ಅಫಿಡವಿಟ್ ಆಫ್ ಸಪೋರ್ಟ್. ನಮ್ಮಲ್ಲಿ ಎಷ್ಟೋ ಜನರಿಗೆ ಇನ್ನು ಐದಾರು ವರ್ಷದಲ್ಲಿ ಇದು ಎದುರಾಗಬಹುದು. ಹೋಗುವವರು ನಾವೇ ಆಗಿರಬಹುದು, ಕರೆಸಿಕೊಳ್ಳುವವರು ನಾವಾಗಿರಬಹುದು, ಇಲ್ಲಾಂದ್ರೆ "ಮಗಾ, ನನ್ನ ಹೆಂಡತಿ ವೀಸಾಗೆ ನೀನೊಂದು ಸೈನ್ ಹಾಕು" ಅಂತ ಹಳೇ ರೂಮ್‌ಮೇಟ್ ಫೋನ್ ಮಾಡಬಹುದು. ಮೂರೂ ಸಂದರ್ಭಕ್ಕೆ ಬೇಕಾದ ಲೆಕ್ಕ ಮತ್ತು ಕಾನೂನನ್ನು ಇಲ್ಲಿ ನೋಡೋಣ.

ಯಾರಿಗೆ ಬೇಕು, ಯಾರಿಗೆ ಬೇಡ

ಎಚ್-1ಬಿ ಮೇಲೆ ಹೋದವರು ಹೆಂಡತಿಯನ್ನೋ ಗಂಡನನ್ನೋ ಎಚ್-4ರಲ್ಲಿ ಕರೆಸಿಕೊಳ್ಳುತ್ತಾರಲ್ಲ, ಅದಕ್ಕೆ ಐ-864 ಬೇಡ. ಅದು ತಾತ್ಕಾಲಿಕ ವೀಸಾ. ಕಂಪನಿ ಮೂಲಕ ಗ್ರೀನ್ ಕಾರ್ಡ್ ಬಂದಾಗ ಜೊತೆಯಲ್ಲೇ ಅವಲಂಬಿತರಾಗಿ ಹೋಗುವ ಸಂಗಾತಿಗೂ ಸಾಮಾನ್ಯವಾಗಿ ಬೇಡ. ಬೇಕಾಗುವುದು ಅಮೆರಿಕದ ಪೌರರು ಅಥವಾ ಗ್ರೀನ್ ಕಾರ್ಡ್ ಇರುವವರು ತಮ್ಮ ಸಂಗಾತಿಗೆ ಅರ್ಜಿ ಹಾಕಿ, ಕಾಯಂ ವಾಸದ ವೀಸಾದಲ್ಲಿ ಕರೆಸಿಕೊಳ್ಳುವಾಗ. ಮದುವೆಗೆ ಮುಂಚೆಯೇ ಕೆ-1 ವೀಸಾದಲ್ಲಿ ಕರೆಸಿದರೆ ಕಾನ್ಸುಲೇಟಿನಲ್ಲಿ ಐ-134 ಅನ್ನೋ ಬೇರೆ ಫಾರಂ ಸಾಕು; ಅಲ್ಲಿ ಮದುವೆಯಾಗಿ ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವಾಗ ಐ-864 ಬಂದೇ ಬರುತ್ತದೆ.

ಈ ಎರಡು ಫಾರಂಗಳ ನಡುವಿನ ವ್ಯತ್ಯಾಸಕ್ಕೆ ಒಂದು ಇತಿಹಾಸವಿದೆ. ಹಿಂದೆ ಸ್ಪಾನ್ಸರ್ ಕೊಡುತ್ತಿದ್ದ ಭರವಸೆಯನ್ನು ಅಮೆರಿಕದ ಕೋರ್ಟುಗಳು ಬರೀ ನೈತಿಕ ಮಾತು ಅಂತ ನೋಡುತ್ತಿದ್ದವು, ಅದರ ಮೇಲೆ ವಸೂಲಿ ಮಾಡಲು ಆಗುತ್ತಿರಲಿಲ್ಲ. 1996ರಲ್ಲಿ ಅಲ್ಲಿನ ಸಂಸತ್ತು ವಲಸೆ ಕಾನೂನನ್ನು ಬಿಗಿ ಮಾಡಿದಾಗ ಇದನ್ನೂ ಬದಲಿಸಿತು. 1997ರ ಡಿಸೆಂಬರ್‌ನಿಂದ ಬಳಕೆಗೆ ಬಂದ ಐ-864, ಸಹಿ ಹಾಕಿದವರ ಮೇಲೆ ಕೋರ್ಟಿನಲ್ಲಿ ಜಾರಿ ಮಾಡಬಹುದಾದ ಕರಾರು.

ಆದಾಯದ ಲೆಕ್ಕ

ನಿಯಮ ಒಂದೇ ಸಾಲಿನದು: ಸ್ಪಾನ್ಸರ್‌ನ ವಾರ್ಷಿಕ ಆದಾಯ, ಆತನ ಕುಟುಂಬದ ಗಾತ್ರಕ್ಕೆ ನಿಗದಿಯಾದ ಬಡತನ ಮಿತಿಯ ಶೇ. 125ರಷ್ಟಾದರೂ ಇರಬೇಕು. ಸೇನೆಯಲ್ಲಿ ಸಕ್ರಿಯ ಸೇವೆಯಲ್ಲಿರುವವರು ಸಂಗಾತಿಯನ್ನು ಕರೆಸುವಾಗ ಶೇ. 100 ಸಾಕು. ಈ ಬಡತನ ಮಿತಿಯ ಮೂಲ 1960ರ ದಶಕದ್ದು. ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ಇಲಾಖೆಯಲ್ಲಿದ್ದ ಮೋಲಿ ಓರ್ಷಾನ್ಸ್ಕಿ ಎಂಬಾಕೆ, ಒಂದು ಕುಟುಂಬದ ಅತಿ ಕನಿಷ್ಠ ಊಟದ ಖರ್ಚನ್ನು ಮೂರರಿಂದ ಗುಣಿಸಿ ಈ ಅಳತೆ ಕಟ್ಟಿದರು. ಅಂದಿನಿಂದ ಅದು ಬೆಲೆ ಏರಿಕೆಗೆ ತಕ್ಕಂತೆ ಪ್ರತಿ ವರ್ಷ ಬದಲಾಗುತ್ತಾ ಬಂದಿದೆ.

2025ರ ಪಟ್ಟಿಯಲ್ಲಿ ಅಲಾಸ್ಕಾ, ಹವಾಯಿ ಬಿಟ್ಟು ಉಳಿದ ರಾಜ್ಯಗಳಿಗೆ ಶೇ. 125ರ ಮೊತ್ತ ಹೀಗಿದೆ:

2 ಜನ: 26,437 ಡಾಲರ್
3 ಜನ: 33,312 ಡಾಲರ್
4 ಜನ: 40,187 ಡಾಲರ್

ಫಾರಂ ಕಳಿಸುವಾಗ ಆ ವರ್ಷದ ಐ-864ಪಿ ಪಟ್ಟಿಯನ್ನೇ ನೋಡಬೇಕು, ಹಳೇ ಪಿಡಿಎಫ್ ನಂಬಬಾರದು.

ಜನ ಎಡವುವುದು ಈ "ಎಷ್ಟು ಜನ" ಅನ್ನೋ ಕಡೆ. ಸ್ಪಾನ್ಸರ್, ಬರುತ್ತಿರುವ ಸಂಗಾತಿ, ಸ್ಪಾನ್ಸರ್‌ನ ಅವಲಂಬಿತ ಮಕ್ಕಳು, ಟ್ಯಾಕ್ಸ್ ರಿಟರ್ನಿನಲ್ಲಿ ಅವಲಂಬಿತರೆಂದು ತೋರಿಸಿದವರು ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಹಿಂದೆ ಬೇರೆ ಯಾರಿಗಾದರೂ ಐ-864 ಹಾಕಿದ್ದು ಇನ್ನೂ ಜಾರಿಯಲ್ಲಿದ್ದರೆ ಅವರೂ ಸೇರುತ್ತಾರೆ. ಒಬ್ಬಂಟಿಯಾಗಿರುವ ಹುಡುಗ ಹೆಂಡತಿಯನ್ನು ಕರೆಸಿದರೆ ಲೆಕ್ಕ 2. ಮೊದಲ ಮದುವೆಯ ಮಗು ಅವನ ಮೇಲೆ ಅವಲಂಬಿತವಾಗಿದ್ದರೆ 3. ಮೂರು ವರ್ಷದ ಹಿಂದೆ ಅವನೇ ತಾಯಿಗೆ ಗ್ರೀನ್ ಕಾರ್ಡ್ ಮಾಡಿಸಿದ್ದು, ತಾಯಿ ಇನ್ನೂ ಪೌರತ್ವ ಪಡೆದಿಲ್ಲದಿದ್ದರೆ 4. "ನಾವಿಬ್ಬರೇ ತಾನೇ" ಅಂತ 26,437ಕ್ಕೆ ಲೆಕ್ಕ ಹಾಕಿದವನಿಗೆ ನಿಜವಾಗಿ ಬೇಕಾಗಿದ್ದು 40,187!

ಇನ್ನೊಂದು ಗೊಂದಲ ಸಂಬಳದ್ದು. ಪ್ಲೇಸ್‌ಮೆಂಟ್ ಸಮಯದಲ್ಲಿ ನಾವು ಸಿಟಿಸಿ, ಇನ್-ಹ್ಯಾಂಡ್ ಅಂತ ಜಗಳ ಆಡುತ್ತೇವಲ್ಲ, ಅದೇ ಪ್ರಶ್ನೆ ಇಲ್ಲೂ ಇದೆ. ನೌಕರಿಯಲ್ಲಿದ್ದರೆ ತೆರಿಗೆ ಕಳೆಯುವ ಮುಂಚಿನ ಸಂಬಳ ನಡೆಯುತ್ತದೆ. ಸ್ವಂತ ಬಿಸಿನೆಸ್ ಇದ್ದರೆ ಖರ್ಚು ಕಳೆದು ಉಳಿದದ್ದು ಮಾತ್ರ. ಕಳೆದ ವರ್ಷ ಓದುತ್ತಿದ್ದು ಈ ವರ್ಷ ಕೆಲಸಕ್ಕೆ ಸೇರಿದವರು ಹೆದರಬೇಕಾಗಿಲ್ಲ, ಮುಖ್ಯವಾಗಿ ನೋಡುವುದು ಈಗಿನ ವಾರ್ಷಿಕ ಆದಾಯವನ್ನು. ಹಳೇ ರಿಟರ್ನಿನಲ್ಲಿ ಕಡಿಮೆ ಇದ್ದರೆ ಕಂಪನಿ ಪತ್ರ, ಇತ್ತೀಚಿನ ಪೇ ಸ್ಲಿಪ್ ಇಟ್ಟು ತೋರಿಸಬೇಕು.

ಆದಾಯ ಸಾಲದಿದ್ದರೆ

ಮೂರು ದಾರಿ ಇವೆ.

ಒಂದು, ಆಸ್ತಿ ತೋರಿಸುವುದು. ಸ್ಪಾನ್ಸರ್ ಅಮೆರಿಕದ ಪೌರರಾಗಿದ್ದು ಸಂಗಾತಿಯನ್ನು ಕರೆಸುತ್ತಿದ್ದರೆ ಕೊರತೆಯ 3 ಪಟ್ಟು ಆಸ್ತಿ ಬೇಕು. ಗ್ರೀನ್ ಕಾರ್ಡ್ ಇರುವವರಾದರೆ 5 ಪಟ್ಟು. ಇಬ್ಬರ ಕುಟುಂಬದಲ್ಲಿ ಆದಾಯ 20,000 ಡಾಲರ್ ಇದ್ದರೆ ಕೊರತೆ 6,437. ಪೌರರಿಗೆ 19,311 ಡಾಲರಿನ ಆಸ್ತಿ ಸಾಕು, ಗ್ರೀನ್ ಕಾರ್ಡಿನವರಿಗೆ 32,185 ಬೇಕು. ಆಸ್ತಿ ಒಂದು ವರ್ಷದೊಳಗೆ ನಗದು ಮಾಡುವಂಥದ್ದಾಗಿರಬೇಕು. ಮನೆ ತೋರಿಸಿದರೆ ಅದರ ಮೇಲಿನ ಸಾಲ ಕಳೆಯಬೇಕು. ಒಂದೇ ಕಾರಿದ್ದರೆ ಅದು ಲೆಕ್ಕಕ್ಕಿಲ್ಲ. ಇಲ್ಲಿಂದ ಹೋಗುವ ಹುಡುಗಿಯ ಸ್ವಂತ ಹೆಸರಿನ ಎಫ್‌ಡಿಯನ್ನೂ ಸೇರಿಸಬಹುದು. ಅವಳ ಅಪ್ಪನ ಹೆಸರಿನ ತುಮಕೂರಿನ ಸೈಟನ್ನು ಸೇರಿಸುವಂತಿಲ್ಲ.

ಎರಡು, ಸ್ಪಾನ್ಸರ್ ಜೊತೆ ಒಂದೇ ಮನೆಯಲ್ಲಿರುವ ಸಂಬಂಧಿಕರ ಆದಾಯ ಸೇರಿಸುವುದು. ಅದಕ್ಕೆ ಅವರು ಐ-864ಎ ಎಂಬ ಫಾರಂಗೆ ಸಹಿ ಹಾಕಬೇಕು. ಹಾಕಿದರೆ ಅವರೂ ಹೊಣೆಗಾರರೇ.

ಮೂರು, ಜಾಯಿಂಟ್ ಸ್ಪಾನ್ಸರ್. ನೆಂಟರೇ ಆಗಬೇಕೆಂದಿಲ್ಲ, ಸ್ನೇಹಿತನೂ ಆಗಬಹುದು. ಆದರೆ 18 ವರ್ಷ ತುಂಬಿರಬೇಕು, ಅಮೆರಿಕದಲ್ಲೇ ನೆಲೆಸಿರಬೇಕು, ಪೌರ ಅಥವಾ ಗ್ರೀನ್ ಕಾರ್ಡ್ ಉಳ್ಳವರಾಗಿರಬೇಕು. ಎಚ್-1ಬಿ ಮೇಲಿರುವ ಸೀನಿಯರ್ ಎಷ್ಟೇ ಸಂಬಳ ತಗೊಂಡ್ರೂ ಆಗುವುದಿಲ್ಲ. ಜಾಯಿಂಟ್ ಸ್ಪಾನ್ಸರ್ ತನ್ನ ಕುಟುಂಬದ ಜೊತೆ ಬರುವವರನ್ನೂ ಸೇರಿಸಿ, ತನ್ನ ಆದಾಯದಲ್ಲೇ ಶೇ. 125 ದಾಟಬೇಕು, ಇವನದು ಅರ್ಧ, ಅವನದು ಅರ್ಧ ಅಂತ ಕೂಡಿಸಲು ಆಗುವುದಿಲ್ಲ. ಹಾಗೆಯೇ ಹೊಣೆಯೂ ಅರ್ಧ ಅಲ್ಲ, ಪೂರ್ತಿ ಮೊತ್ತವನ್ನು ಅವನೊಬ್ಬನಿಂದಲೇ ಕೇಳಬಹುದು. ಜಾಯಿಂಟ್ ಸ್ಪಾನ್ಸರ್ ಸಿಕ್ಕರೂ ಅರ್ಜಿ ಹಾಕಿದ ಗಂಡ ಅಥವಾ ಹೆಂಡತಿ ತಮ್ಮ ಐ-864 ಕೊಡಲೇಬೇಕು, ಆದಾಯ ಸೊನ್ನೆ ಇದ್ದರೂ ಸರಿ.

ಫೈಲಿನಲ್ಲಿ ಏನೇನಿರಬೇಕು

ಮೊದಲು ಐ-130 ಅರ್ಜಿ ಮಂಜೂರಾಗುತ್ತದೆ. ಆಮೇಲೆ ಫೈಲು ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗುತ್ತದೆ. ಅಲ್ಲಿ ಎರಡು ಶುಲ್ಕ: ಅಫಿಡವಿಟ್ ಪರಿಶೀಲನೆಗೆ 120 ಡಾಲರ್, ವೀಸಾ ಅರ್ಜಿಗೆ 325 ಡಾಲರ್. ನಂತರ ಆನ್‌ಲೈನಿನಲ್ಲಿ ಡಿಎಸ್-260 ತುಂಬಿ ದಾಖಲೆ ಅಪ್‌ಲೋಡ್ ಮಾಡಬೇಕು. ನಮ್ಮ ಕಡೆಯವರಿಗೆ ಸಂದರ್ಶನ ಸಾಮಾನ್ಯವಾಗಿ ಮುಂಬೈ ಕಾನ್ಸುಲೇಟಿನಲ್ಲಿ.

ಐ-864 ಜೊತೆ ಇಡಬೇಕಾದ್ದು: ಇತ್ತೀಚಿನ ಫೆಡರಲ್ ಟ್ಯಾಕ್ಸ್ ರಿಟರ್ನ್ ಅಥವಾ ಐಆರ್‌ಎಸ್‌ನಿಂದ ಉಚಿತವಾಗಿ ಸಿಗುವ ಟ್ರಾನ್ಸ್‌ಕ್ರಿಪ್ಟ್, ರಿಟರ್ನ್ ಇಟ್ಟರೆ ಅದರ ಜೊತೆ ಡಬ್ಲ್ಯೂ-2, ಈಗಿನ ಆದಾಯಕ್ಕೆ ಪೇ ಸ್ಲಿಪ್ ಮತ್ತು ಕಂಪನಿ ಪತ್ರ, ಆಸ್ತಿ ತೋರಿಸಿದ್ದರೆ ಅದರ ದಾಖಲೆ, ಜಾಯಿಂಟ್ ಸ್ಪಾನ್ಸರ್ ಇದ್ದರೆ ಅವರ ಪಾಸ್‌ಪೋರ್ಟ್ ಅಥವಾ ಗ್ರೀನ್ ಕಾರ್ಡ್ ಪ್ರತಿ. ನೋಟರಿ ಬೇಡ, ಆದರೆ ಸಹಿ ಬೇಕೇ ಬೇಕು. ಕುಟುಂಬದ ಗಾತ್ರ ತಪ್ಪಿದ್ದರೆ, ಫಾರಂ ಹಳೇ ಆವೃತ್ತಿಯದಾಗಿದ್ದರೆ, ಒಂದು ಪುಟ ಬಿಟ್ಟುಹೋಗಿದ್ದರೆ ಫೈಲು ವಾಪಸ್ ಬರುತ್ತದೆ. ಸಂದರ್ಶನದ ದಿನ ಕೊರತೆ ಕಂಡರೆ 221(ಜಿ) ಚೀಟಿ ಕೈಗೆ ಬಂದು ವೀಸಾ ನಿಲ್ಲುತ್ತದೆ. ಲ್ಯಾಬ್ ರೆಕಾರ್ಡ್ ಸಬ್ಮಿಟ್ ಮಾಡುವ ಮುಂಚೆ ಪುಟ ಎಣಿಸುವ ನಮಗೆ ಇದೇನೂ ಕಷ್ಟ ಅಲ್ಲ.

ಈ ಕರಾರು ಯಾವಾಗ ಮುಗಿಯುತ್ತದೆ

ಇದು ಎಲ್ಲಕ್ಕಿಂತ ಮುಖ್ಯ ಭಾಗ. ಒಂದು ವೈಲ್ ಲೂಪ್ ಅಂದುಕೊಳ್ಳಿ. ಸಂಗಾತಿ ಆ ವೀಸಾದಲ್ಲಿ ಅಮೆರಿಕಕ್ಕೆ ಕಾಲಿಟ್ಟು ಕಾಯಂ ನಿವಾಸಿ ಆದ ಕ್ಷಣ ಶುರು. ಅದಕ್ಕೆ ಮುಂಚೆ, ವೀಸಾ ಕೊಡುವ ತನಕ ಸ್ಪಾನ್ಸರ್ ಹಿಂದೆಗೆಯಬಹುದು. ಶುರುವಾದ ಮೇಲೆ ಆಗುವುದಿಲ್ಲ. ಲೂಪಿನಿಂದ ಹೊರಬರುವ ಮುಖ್ಯ ದಾರಿಗಳು ಇವು:

- ಬಂದವರು ಅಮೆರಿಕದ ಪೌರತ್ವ ಪಡೆಯುವುದು
- ಅವರ ಖಾತೆಗೆ ಸೋಶಿಯಲ್ ಸೆಕ್ಯುರಿಟಿಯ 40 ಕ್ವಾರ್ಟರ್ ಸೇರುವುದು
- ಅವರು ಗ್ರೀನ್ ಕಾರ್ಡ್ ಬಿಟ್ಟುಕೊಟ್ಟು ದೇಶ ಬಿಡುವುದು
- ಅವರ ಅಥವಾ ಸ್ಪಾನ್ಸರ್‌ನ ಸಾವು

ವರ್ಷಕ್ಕೆ ಹೆಚ್ಚೆಂದರೆ 4 ಕ್ವಾರ್ಟರ್, ಹಾಗಾಗಿ ಒಬ್ಬರೇ ದುಡಿದರೆ 40 ಆಗಲು ಕನಿಷ್ಠ 10 ವರ್ಷ. ಮದುವೆ ಉಳಿದಿರುವ ಕಾಲದಲ್ಲಿ ಸಂಗಾತಿ ದುಡಿದ ಕ್ವಾರ್ಟರ್‌ಗಳನ್ನೂ ಸೇರಿಸಿಕೊಳ್ಳಬಹುದು.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ವಿಚ್ಛೇದನ ಅದರಲ್ಲಿ ಇಲ್ಲ. ಮದುವೆ ಮುಗಿಯಬಹುದು, ಜಾಮೀನು ಮುಗಿಯುವುದಿಲ್ಲ.

ಇದು ಬರೀ ಕಾಗದದ ಮಾತಲ್ಲ. ಬಂದವರ ಆದಾಯ ಶೇ. 125ಕ್ಕಿಂತ ಕೆಳಗೆ ಬಿದ್ದರೆ ಕೊರತೆ ತುಂಬಿಕೊಡಿ ಅಂತ ಅವರೇ ಸ್ಪಾನ್ಸರ್ ಮೇಲೆ ದಾವೆ ಹೂಡಬಹುದು. 2025ರ ಪಟ್ಟಿ ಪ್ರಕಾರ ಒಬ್ಬರಿಗೆ ಆ ಮಿತಿ ವರ್ಷಕ್ಕೆ 19,562 ಡಾಲರ್. ವಿಚ್ಛೇದನದ ನಂತರ ಒಬ್ಬಂಟಿಯಾದ ಹೆಂಡತಿ ಅಂಗಡಿಯೊಂದರಲ್ಲಿ ದುಡಿದು 12,000 ಗಳಿಸಿದರೆ ಉಳಿದ 7,562 ಡಾಲರ್ ಸ್ಪಾನ್ಸರ್ ಹೊಣೆ. ಆಕೆ ಮೆಡಿಕೇಡ್, ಆಹಾರ ಸಹಾಯಧನದಂಥ ಸರ್ಕಾರಿ ನೆರವು ಪಡೆದರೆ ಆ ಖರ್ಚನ್ನು ಇಲಾಖೆಯೂ ಸ್ಪಾನ್ಸರ್‌ನಿಂದ ವಾಪಸ್ ಕೇಳಬಹುದು. 2012ರಲ್ಲಿ ಏಳನೇ ಸರ್ಕ್ಯೂಟಿನ ಮೇಲ್ಮನವಿ ಕೋರ್ಟಿನಲ್ಲಿ ನ್ಯಾಯಾಧೀಶ ರಿಚರ್ಡ್ ಪೋಸ್ನರ್ ಬರೆದ ತೀರ್ಪಿನ ಪ್ರಕಾರ, "ಅವಳು ಕೆಲಸ ಹುಡುಕಲೇ ಇಲ್ಲ" ಅಂತ ಹೇಳಿ ಸ್ಪಾನ್ಸರ್ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ. ಮದುವೆಗೆ ಮುಂಚೆ "ಜೀವನಾಂಶ ಕೇಳೋಲ್ಲ" ಅಂತ ಒಪ್ಪಂದ ಬರೆಸಿಕೊಂಡಿದ್ದರೂ ಈ ಹೊಣೆ ಹೋಗುವುದಿಲ್ಲ ಎಂದು ಒಂಬತ್ತನೇ ಸರ್ಕ್ಯೂಟ್ 2016ರಲ್ಲಿ ಹೇಳಿತು.

ಹೋಗುವವರಿಗೆ, ಸಹಿ ಹಾಕುವವರಿಗೆ

ಇಷ್ಟೆಲ್ಲ ಓದಿ ಸ್ಪಾನ್ಸರ್ ಪಾಡು ಕಷ್ಟ ಅನ್ನಿಸಬಹುದು. ಆದರೆ ಎರಡು ಸೂಟ್‌ಕೇಸ್ ಹಿಡಿದು, ಇಲ್ಲಿನ ಕೆಲಸ ಬಿಟ್ಟು, ಗೊತ್ತಿಲ್ಲದ ಊರಿಗೆ ಹೋಗುವವರ ಕಡೆಯಿಂದಲೂ ನೋಡಿ. ಮದುವೆಯಾಗಿ ಎರಡು ವರ್ಷ ತುಂಬುವ ಮುಂಚೆ ಅಲ್ಲಿಗೆ ಹೋದವರಿಗೆ ಸಿಗುವುದು ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಅಷ್ಟರಲ್ಲಿ ಸಂಬಂಧ ಕೆಟ್ಟರೆ ಊಟಕ್ಕೆ, ಬಾಡಿಗೆಗೆ ಆಸರೆಯಾಗಿ ಕಾನೂನು ಕೊಟ್ಟಿರುವುದರಲ್ಲಿ ಇದೂ ಒಂದು. ಆದರೆ ಎಷ್ಟೋ ಮನೆಗಳಲ್ಲಿ ಈ ಕಾಗದ ಗಂಡನ ಲ್ಯಾಪ್‌ಟಾಪಿನಲ್ಲೇ ಉಳಿದುಬಿಡುತ್ತದೆ. ಯಾರ ಪರವಾಗಿ ಬರೆದುಕೊಟ್ಟಿದ್ದಾರೋ ಅವರೇ ಅದನ್ನು ಓದಿರುವುದಿಲ್ಲ.

ಆದ್ದರಿಂದ ಹೋಗುವವರು ಸಹಿ ಆಗಿರುವ ಐ-864ರ ಪೂರ್ತಿ ಪ್ರತಿ, ಜೊತೆಯ ಟ್ಯಾಕ್ಸ್ ದಾಖಲೆ, ಜಾಯಿಂಟ್ ಸ್ಪಾನ್ಸರ್ ಇದ್ದರೆ ಅವರ ಫಾರಂ, ಇವನ್ನು ತಮ್ಮ ಸ್ವಂತ ಮೇಲ್‌ಗೆ ಹಾಕಿಕೊಳ್ಳಿ. ಊರಲ್ಲಿ ಅಮ್ಮನ ಬೀರುವಿನಲ್ಲೂ ಒಂದು ಪ್ರಿಂಟ್ ಇರಲಿ. ಕೇಳುವುದಕ್ಕೆ ಸಂಕೋಚ ಬೇಡ, ಸಂದರ್ಶನಕ್ಕೆ ನಿಮಗೂ ಆ ಫೈಲು ಬೇಕಾಗುತ್ತದೆ.

ಸಹಿ ಹಾಕುವವರು ಕೊನೆಯಲ್ಲಿರುವ ಕರಾರಿನ ಭಾಗವನ್ನು ಎರಡು ಸಲ ಓದಿ. ಮನೆ ಬದಲಿಸಿದರೆ 30 ದಿನದೊಳಗೆ ಐ-865 ಮೂಲಕ ತಿಳಿಸಬೇಕು, ಇಲ್ಲದಿದ್ದರೆ ದಂಡ ಇದೆ. ಗೆಳೆಯನಿಗಾಗಿ ಜಾಯಿಂಟ್ ಸ್ಪಾನ್ಸರ್ ಆಗುವುದಾದರೆ ನಿಮ್ಮ ಹೆಂಡತಿಗೋ ಗಂಡನಿಗೋ ಮೊದಲು ಹೇಳಿ. ನಾಳೆ ನಿಮ್ಮ ತಂದೆ ತಾಯಿಯನ್ನು ಕರೆಸಿಕೊಳ್ಳುವಾಗ ಆ ಗೆಳೆಯನ ಹೆಂಡತಿಯೂ ನಿಮ್ಮ ಕುಟುಂಬದ ಲೆಕ್ಕದಲ್ಲಿ ಒಬ್ಬರಾಗಿ ಇರುತ್ತಾರೆ.