ಅಕ್ಕಚ್ಚಿನೊಡನೆ ಹೋಗುವ ಸತ್ವ

ಅಡುಗೆಮನೆಯಲ್ಲಿ ನಿತ್ಯವೂ ನಡೆಯುವ ಕಾರ್ಯಗಳಲ್ಲಿ ಅಕ್ಕಿ ತೊಳೆಯುವುದು ಅತ್ಯಂತ ಸಾಮಾನ್ಯವಾದುದು. ಆದುದರಿಂದಲೇ ಅದರ ಕಡೆಗೆ ಯಾರ ಗಮನವೂ ಹರಿಯುವುದಿಲ್ಲ. ನೀರು ತಿಳಿಯಾಗುವವರೆಗೆ ನಾಲ್ಕೈದು ಸಲ ಕಿವುಚಿ ತೊಳೆದು, ಧಾರಾಳವಾಗಿ ಎಸರಿಟ್ಟು ಬೇಯಿಸಿ, ಗಂಜಿ ಬಸಿದರೆ ಅನ್ನವು ಮಲ್ಲಿಗೆಯ ಮೊಗ್ಗಿನಂತೆ ಬಿಡಿಬಿಡಿಯಾಗುವುದೆಂದು ಹಲವರ ನಂಬಿಕೆ. ಅನ್ನದ ಅಂದವು ಕಣ್ಣಿಗೆ ಕಾಣುತ್ತದೆ. ಅದರಿಂದ ಹೊರಟುಹೋದುದು ಕಾಣುವುದಿಲ್ಲ.

ಅಕ್ಕಿಯ ಕಾಳಿನ ಒಳಭಾಗವು ಬಹುಮಟ್ಟಿಗೆ ಪಿಷ್ಟ. ಥಯಾಮಿನ್ ಎಂಬ ಬಿ ಜೀವಸತ್ವದ ಬಹುಪಾಲು ಇರುವುದು ತೌಡಿನ ಪದರದಲ್ಲಿ ಮತ್ತು ಮೊಳಕೆಯ ಭಾಗದಲ್ಲಿ. ಗಿರಣಿಯಲ್ಲಿ ಪಾಲಿಶ್ ಮಾಡಿದಾಗ ಇವೆರಡೂ ಕಳೆದುಹೋಗುತ್ತವೆ. ಅಳಿದುಳಿದ ಅಲ್ಪಾಂಶವೂ ನೀರಿನಲ್ಲಿ ಕರಗುವ ಗುಣವುಳ್ಳದ್ದು.

ಈ ವಿಷಯವು ಲೋಕಕ್ಕೆ ತಿಳಿದುಬಂದ ಬಗೆ ಸ್ವಾರಸ್ಯಕರವಾಗಿದೆ. ಜಾವಾ ದ್ವೀಪದ ಬಟೇವಿಯಾದಲ್ಲಿ, ಎಂದರೆ ಇಂದಿನ ಜಕಾರ್ತದಲ್ಲಿ, 1890ರ ಸುಮಾರಿಗೆ ಡಚ್ ವೈದ್ಯ ಐಕ್‌ಮನ್ ಎಂಬಾತನು ಬೆರಿಬೆರಿ ರೋಗದ ಕಾರಣವನ್ನು ಅರಸುತ್ತಿದ್ದನು. ಆ ರೋಗದಲ್ಲಿ ಕಾಲುಗಳು ಜೋಮು ಹಿಡಿದು ಶಕ್ತಿಗುಂದುತ್ತವೆ. ಮುಂದೆ ಹೃದಯಕ್ಕೂ ಅಪಾಯ ಒದಗುತ್ತದೆ. ಆತನ ಪ್ರಯೋಗಶಾಲೆಯ ಕೋಳಿಗಳಿಗೂ ಅಂಥದೇ ವ್ಯಾಧಿ ತಗುಲಿತು. ಅವುಗಳಿಗೆ ಸೈನಿಕ ಆಸ್ಪತ್ರೆಯ ಅಡುಗೆಮನೆಯಲ್ಲಿ ಮಿಕ್ಕ ಬಿಳಿಯ ಅನ್ನವನ್ನು ಹಾಕಲಾಗುತ್ತಿತ್ತು. ಹೊಸದಾಗಿ ಬಂದ ಅಡುಗೆಯವನು ಸೈನಿಕರ ಅನ್ನವನ್ನು ಕೋಳಿಗಳಿಗೆ ಕೊಡಲೊಲ್ಲೆನೆಂದನು. ತೌಡು ಕಳೆಯದ ಅಕ್ಕಿಯನ್ನು ತಿನ್ನತೊಡಗಿದ ಕೋಳಿಗಳು ಚೇತರಿಸಿಕೊಂಡವು! ಐಕ್‌ಮನ್ ಮೊದಲು ಪಿಷ್ಟದಲ್ಲೇ ವಿಷವಿದೆಯೆಂದು ಭಾವಿಸಿದ್ದನು. 1901ರಲ್ಲಿ ಅವನ ಉತ್ತರಾಧಿಕಾರಿ ಗ್ರೈನ್ಸ್, ಆಹಾರದಲ್ಲಿ ಯಾವುದೋ ಅವಶ್ಯಕ ಅಂಶದ ಕೊರತೆಯೇ ರೋಗಕ್ಕೆ ಕಾರಣವೆಂದು ತಿಳಿಸಿದನು. 1929ರಲ್ಲಿ ಐಕ್‌ಮನ್‌ನಿಗೆ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಅಡುಗೆಯವನ ಹೆಸರನ್ನು ಕೇಳಿದವರು ವಿರಳ.

ನಮ್ಮ ದೇಶದಲ್ಲಿ ಈ ರೋಗವು ಆಂಧ್ರದ ಕರಾವಳಿಯ ಉತ್ತರ ಸರ್ಕಾರ್ ಜಿಲ್ಲೆಗಳಲ್ಲಿ ಬೀಡುಬಿಟ್ಟಿತ್ತು. ಅಲ್ಲಿಯ ಜನರು ಗಿರಣಿಯ ಬೆಳ್ತಿಗೆ ಅಕ್ಕಿಯನ್ನು ಉಣ್ಣುತ್ತಿದ್ದರು. ಕುಚ್ಚಲಕ್ಕಿಯನ್ನು ಉಣ್ಣುವ ದಕ್ಷಿಣದ ಸೀಮೆಗಳಲ್ಲಿ ಅದು ಅಷ್ಟಾಗಿ ಕಾಣಿಸಿಕೊಳ್ಳಲಿಲ್ಲ. ಕೂನೂರಿನಲ್ಲಿ ಸಂಶೋಧನೆ ನಡೆಸುತ್ತಿದ್ದ ಮೆಕ್ಯಾರಿಸನ್ 1924ರಲ್ಲಿ ಸಹೋದ್ಯೋಗಿ ನಾರಿಸ್ ಅವರೊಡನೆ ಭಾರತದ ಅಕ್ಕಿಗೂ ಬೆರಿಬೆರಿಗೂ ಇರುವ ಸಂಬಂಧವನ್ನು ಕುರಿತು ಬರೆದನು. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಆಮೇಲೆ ಕುಟ್ಟಿದರೆ ಕುಚ್ಚಲಕ್ಕಿ. ಹೀಗೆ ಬೇಯುವಾಗ ಹೊರಪದರದ ಜೀವಸತ್ವವು ಕಾಳಿನ ಒಳಕ್ಕೆ ಇಳಿದು ನೆಲೆಸುತ್ತದೆ. ಬಳಿಕ ತೌಡು ಹೋದರೂ, ತೊಳೆದರೂ ಅದು ಪೂರ್ಣವಾಗಿ ನಾಶವಾಗುವುದಿಲ್ಲ. ದಕ್ಷಿಣ ಕನ್ನಡದ ಗಂಜಿಯೂಟವನ್ನು ಬಡವರ ಊಟವೆಂದು ಹಗುರಾಗಿ ಕಾಣುವವರು ಈ ಮಾತನ್ನು ಗಮನಿಸಬೇಕು.

ಹಾಗೆಂದು ತೊಳೆಯಲೇಬಾರದೆಂದಲ್ಲ. ಧೂಳು, ತೌಡಿನ ಪುಡಿ, ಹುಳುವಿನ ಶೇಷ ಹೋಗಲೇಬೇಕು. ಮೊದಲು ಮೊರದಲ್ಲಿ ಕೇರಿ ಕಲ್ಲು ನುಚ್ಚುಗಳನ್ನು ಬೇರ್ಪಡಿಸಿಕೊಂಡರೆ ಬೆಳ್ತಿಗೆ ಅಕ್ಕಿಗೆ ಎರಡು ನೀರು ಸಾಕು. ಅಂಗೈಯಲ್ಲಿ ತಿಕ್ಕುವ ಅವಶ್ಯಕತೆಯಿಲ್ಲ. ನೆನೆಸುವುದಾದರೆ ಆ ನೀರಿನಲ್ಲಿಯೇ ಬೇಯಿಸತಕ್ಕದ್ದು. ಬೇಗ ಬೇಯಲೆಂದು ಸೋಡಾ ಹಾಕುವ ರೂಢಿ ಸರ್ವಥಾ ಸಲ್ಲದು; ಕ್ಷಾರವು ಥಯಾಮಿನ್ನನ್ನು ಕೆಡಿಸುತ್ತದೆ. ಹಿಂದೆ ದನಕರುಗಳಿದ್ದ ಮನೆಗಳಲ್ಲಿ ಅಕ್ಕಚ್ಚು ಕಲಗಚ್ಚಿನ ಬಾನಿಯನ್ನು ಸೇರಿ, ಹಾಲಿನ ರೂಪದಲ್ಲಿ ಅಷ್ಟಿಷ್ಟು ಹಿಂದಿರುಗುತ್ತಿತ್ತು. ಇಂದಿನ ಪಟ್ಟಣದ ಮನೆಗಳಲ್ಲಿ ಅದು ಮೋರಿಯ ಪಾಲು.

ಅನ್ನವು ಮುದ್ದೆಯಾಗುವುದಕ್ಕೆ ತೊಳೆಯುವುದು ಸಾಲದಿರುವುದೇ ಕಾರಣವೆಂಬುದು ಅರ್ಧಸತ್ಯ. ಪಿಷ್ಟದಲ್ಲಿ ಅಮೈಲೋಸ್ ಎಂಬ ಅಂಶವು ನೂರಕ್ಕೆ 25ನ್ನು ಮೀರಿದ ಅಕ್ಕಿ ಉದುರುದುರಾಗುತ್ತದೆ. 20ಕ್ಕಿಂತ ಕಡಿಮೆಯಿದ್ದರೆ ಮೆತ್ತಗಾಗುತ್ತದೆ. ಈಶಾನ್ಯ ಭಾರತದ ಅಂಟು ಅಕ್ಕಿಯಲ್ಲಿ ಅದು ಇಲ್ಲವೆನ್ನುವಷ್ಟು ಅಲ್ಪ. ಎಷ್ಟು ತೊಳೆದರೂ ಅಂಟುವುದು ಅದರ ಸ್ವಭಾವ. ಹೊಸ ಅಕ್ಕಿ ಅಂಟುತ್ತದೆ, ಹಳೆಯದು ಹೆಚ್ಚು ನೀರು ಕುಡಿದು ಅರಳುತ್ತದೆ. ಆದಕಾರಣ ಹೊಸ ಅಕ್ಕಿಗೆ ಲೋಟಕ್ಕೆ ಎರಡು ಲೋಟ ನೀರು ಹಿಡಿದರೆ ಹಳೆಯದಕ್ಕೆ ಎರಡೂವರೆ ಬೇಕಾದೀತು. ಬಾಸ್ಮತಿಯನ್ನು ಅರ್ಧ ಗಂಟೆ ನೆನೆಸಿದರೆ ಕಾಳು ಮುರಿಯದೆ ಉದ್ದವಾಗುತ್ತದೆ. ಕೆಂಪು ಕುಚ್ಚಲಕ್ಕಿಗೆ ನಾಲ್ಕೈದು ಪಾಲು ನೀರೂ ಬಹಳ ಹೊತ್ತಿನ ಉರಿಯೂ ಬೇಕು. ರಾತ್ರಿ ನೆನೆಹಾಕಿದರೆ ಸೌದೆ ಉಳಿಯುತ್ತದೆ. ಬಸಿದ ತೆಳಿಯನ್ನು ಉಪ್ಪು ಮಜ್ಜಿಗೆ ಬೆರೆಸಿ ಕುಡಿದಲ್ಲಿ ನಷ್ಟವೇನೂ ಇಲ್ಲ.

ಗಂಜಿಯನ್ನು ಚೆಲ್ಲುವುದೇ ಲೇಸಾದ ಒಂದು ಸಂದರ್ಭವೂ ಉಂಟು. ಪಶ್ಚಿಮ ಬಂಗಾಳ ಹಾಗೂ ಬಾಂಗ್ಲಾದೇಶದ ಅನೇಕ ಕಡೆಗಳಲ್ಲಿ ಅಂತರ್ಜಲದೊಳಗಿನ ಆರ್ಸೆನಿಕ್ ವಿಷವು ಅಕ್ಕಿಗೂ ಸೇರುತ್ತದೆ. ಶುದ್ಧವಾದ ನೀರನ್ನು ಆರರಿಂದ ಹತ್ತು ಪಾಲು ಹಾಕಿ ಬೇಯಿಸಿ ಬಸಿದರೆ ಅದರ ಸುಮಾರು ಅರ್ಧಭಾಗ ಹೊರಟುಹೋಗುತ್ತದೆ. ಅಲ್ಲಿ ಜೀವಸತ್ವದ ನಷ್ಟವನ್ನು ಸಹಿಸಿ ಬೇಳೆ ಸೊಪ್ಪುಗಳಿಂದ ತುಂಬಿಕೊಳ್ಳುವುದು ವಿವೇಕ.

2021ರ ಆಗಸ್ಟ್ 15ರಂದು ಪ್ರಕಟವಾದ ಯೋಜನೆಯಂತೆ, ಪಡಿತರದಲ್ಲಿಯೂ ಶಾಲೆಯ ಬಿಸಿಯೂಟದಲ್ಲಿಯೂ ಸಾರವರ್ಧಿತ ಅಕ್ಕಿ ಬಂದಿತು. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಜೀವಸತ್ವ ಬೆರೆಸಿ ಕಾಳಿನ ಆಕಾರಕ್ಕೆ ತಂದು, ನೂರು ಕಾಳಿಗೆ ಒಂದರಂತೆ ಸೇರಿಸಿದ ಅಕ್ಕಿಯದು. ತೊಳೆಯುವಾಗ ಈ ಕಾಳುಗಳಲ್ಲಿ ಕೆಲವು ನೀರಿನ ಮೇಲೆ ತೇಲುವುದುಂಟು. ಅದನ್ನು ಕಂಡು ಪ್ಲಾಸ್ಟಿಕ್ ಅಕ್ಕಿಯೆಂದು ಗಾಬರಿಯಾಗಿ, ಹೆಕ್ಕಿ ಎಸೆದವರು ಅನೇಕರು. ರಕ್ತಹೀನತೆಯಿಂದ ಬಳಲುವ ಮಕ್ಕಳ ತಟ್ಟೆಗೆ ಮೊದಲು ತಲುಪಬೇಕಾಗಿದ್ದುದು ಆ ಕಾಳುಗಳೇ.